ಲೆವಿ ಎಂಬ ಮಾತು ನಮ್ಮ ಮನೆಗೆ ಬಂದದ್ದು

ನಮ್ಮ ಮನೆಯ ಇಂಗ್ಲಿಷಿಗೆ ಎ ಮತ್ತು ಬಿ ಇರಲಿಲ್ಲ. ಅಪ್ಪನ ತಮ್ಮ ಶರಣಪ್ಪ ಕಾಕಾ ರಾಯಚೂರಿನಲ್ಲಿ ಹೈಸ್ಕೂಲು ಮುಗಿಸಿ ಮಾನ್ವಿಗೆ ಮರಳುವಾಗ ಸ್ಟೇಷನ್ನಿನ ಹತ್ತಿರ ಹಳೆಯ ಸಾಮಾನು ಮಾರುವವನಿಂದ ಒಂದು ಡಿಕ್ಷನರಿ ತಂದಿದ್ದ. ಅದಕ್ಕೆ ಮುಂದಿನ ರಟ್ಟಿರಲಿಲ್ಲ. ಮೊದಲ ಎರಡು ಅಕ್ಷರಗಳನ್ನು ಇಲಿಯೋ ಗೆದ್ದಲೋ ಆಗಲೇ ಮುಗಿಸಿದ್ದವು. ಪುಸ್ತಕ ಶುರುವಾಗುವುದೇ ಸಿ ಯಿಂದ. ಹೀಗಾಗಿ ಒಂಬತ್ತು ವರ್ಷದ ಹುಡುಗಿಯಾದ ನನಗೆ ಬೆಕ್ಕಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಗೊತ್ತಿತ್ತು, ಬಾವಲಿಗೆ ಏನನ್ನುತ್ತಾರೆಂದು ಗೊತ್ತಿರಲಿಲ್ಲ. ನಮ್ಮ ಓಣಿಯ ಹೆಣ್ಣುಮಕ್ಕಳು ಯಾರೂ ಶಾಲೆಯ ಮುಖ ನೋಡಿದವರಲ್ಲ. ನೋಡಿದ ಗಂಡುಮಕ್ಕಳು ಕಲಿಯುತ್ತಿದ್ದದ್ದು ಆಗಿನ ಸರಕಾರದ ಭಾಷೆಯಾದ ಉರ್ದು. ನನ್ನ ಶಾಲೆ ಅಂದರೆ ಅಡಿಗೆಮನೆಯ ಹೊರಗೋಡೆ. ಸಂಜೆ ಅವ್ವ ರೊಟ್ಟಿ ಬಡಿಯಲು ಕೂತಳೆಂದರೆ ಕಾಕಾ ಒಲೆಯ ಬದಿಯಿಂದ ಒಂದು ಇದ್ದಿಲು ತೆಗೆದುಕೊಂಡು ಆ ಗೋಡೆಯ ಮೇಲೆ ಒಂದು ಮಾತು ಬರೆಯುತ್ತಿದ್ದ, ಅದರ ಅರ್ಥಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದ. ಅವುಗಳನ್ನು ಒಪ್ಪುವುದು ಬಿಡುವುದು ಮಾತ್ರ ಆಯಿಯ ಕೈಯಲ್ಲಿತ್ತು. ಆಯಿ ನನ್ನ ಅಪ್ಪನ ತಾಯಿ. ಆಕೆಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ, ಆದರೆ ಮಾತಿನ ವಿಷಯದಲ್ಲಿ ಯಾರ ದಾಕ್ಷಿಣ್ಯವೂ ಇರಲಿಲ್ಲ. ಒಂದೇ ಅರ್ಥದ ಮಾತು ಬಂದರೆ, ಇದು ಬಡವರ ಮನೆಯದು, ನಾಳೆ ಬೇರೆ ತಾ ಅನ್ನುತ್ತಿದ್ದಳು.

ಕೋರ್ಟು ಎಂಬ ಮಾತು ಬಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಜಡ್ಜಿ ಕೂಡುವ ಜಾಗ, ರಾಜನ ದರ್ಬಾರು, ಚೆಂಡಾಡುವ ಬಯಲು, ಹೆಣ್ಣಿನ ಮನಸ್ಸು ಒಲಿಸಿಕೊಳ್ಳುವುದು ಎಂದು ಕಾಕಾ ಓದುತ್ತ ಹೋದ. ಕೊನೆಯದನ್ನು ಓದುವಾಗ ಅವನ ದನಿ ಸಣ್ಣದಾಯಿತು, ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹುಟ್ಟಿದ್ದು ಎಲ್ಲಿಂದ ಎಂದು ಆಯಿ ಕೇಳಿದಳು. ಇದು ಆಕೆಯ ಕಾಯಂ ಪ್ರಶ್ನೆ. ಸುತ್ತ ಗೋಡೆ ಕಟ್ಟಿದ ಅಂಗಳ ಎಂಬ ಹಳೆಯ ಮಾತಿನಿಂದ ಬಂದದ್ದಂತೆ ಎಂದು ಕಾಕಾ ಹೇಳಿದ.

"ಹಂಗಂದ್ರ ಎಲ್ಲಾ ಒಂದ ಆತಲ್ಲೋ. ನಮ್ಮ ಅಂಗಳದಾಗೂ ಪಂಚಾಯ್ತಿ ಕೂಡ್ತಾರ, ಹುಡುಗರು ಚಿಣ್ಣಿಕೋಲು ಆಡ್ತಾವ, ಹೆಣ್ಣು ನೋಡಾಕ ಬಂದೋರನೂ ಅಲ್ಲೇ ಕುಂದರಸ್ತೀವಿ. ಇಂಗ್ರೇಜಿ ಮಂದೀಗೂ ನಮ್ಹಂಗ ಮನಿ ಅದಾವ ಅಂತಾತು."

"ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ," ಎಂದು ಅವ್ವ ರೊಟ್ಟಿ ತಿರುವಿ ಹಾಕಿದಳು. ಅವ್ವನ ಚುಚ್ಚು ಕಾಕಾನಿಗೆ. ಹೈಸ್ಕೂಲು ಮುಗಿಸಿ ಎರಡು ವರ್ಷವಾಗಿದ್ದರೂ ಅವನಿಗೆ ನೌಕರಿ ಇರಲಿಲ್ಲ. ಅವನು ಹೊಲಕ್ಕೆ ಹೋದರೆ ಎತ್ತುಗಳು ಅವನನ್ನೇ ಹೊಡೆದುಕೊಂಡು ಹೋಗುತ್ತವೆ ಎಂದು ಊರು ನಗುತ್ತಿತ್ತು. ಹೊಲವನ್ನೆಲ್ಲ ಅಪ್ಪನೇ ನೋಡುತ್ತಿದ್ದ. ಅಪ್ಪ ಮಾತು ಕಡಿಮೆಯ ಮನುಷ್ಯ. ಗೋಡೆಯ ಮೇಲಿನ ಮಾತನ್ನು ಒಂದು ಸಲ ನೋಡಿ, ಕೈಕಾಲು ತೊಳೆದು, ಉಂಡು ಮಲಗುತ್ತಿದ್ದ. ತಮ್ಮನಿಗೆ ಒಂದು ದಿನವೂ ಗದರಿದ್ದು ನಾನು ಕಾಣೆ.

ನಮ್ಮ ಮನೆ ಆ ಕಡೆಯ ಎಲ್ಲ ರೈತರ ಮನೆಗಳ ಹಾಗೇ ಇತ್ತು. ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಆಮೇಲೆ ಮನುಷ್ಯರು ಕೂಡುವ ಪಡಸಾಲೆ, ಅದರ ಒಳಗೆ ಅಡಿಗೆಮನೆ, ಪೂಜೆಯ ಮೂಲೆ. ದನ ಕಟ್ಟುವ ಜಾಗದಲ್ಲಿ, ನಮ್ಮ ಎಮ್ಮೆಯ ಗೂಟದ ಬುಡದಲ್ಲಿ ಹಗೇವು ಇತ್ತು. ಹಗೇವು ಅಂದರೆ ನೆಲದೊಳಗೆ ಅಗೆದ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ನಾಲ್ಕು ಆಳು ನಿಲ್ಲುವಷ್ಟು ಅಗಲ. ಜೋಳ ತುಂಬಿ, ಮೇಲೆ ಹೊಟ್ಟು ಹಾಕಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ ಸಗಣಿ ಸಾರಿಸಿಬಿಟ್ಟರೆ ಗೊತ್ತಿಲ್ಲದವರಿಗೆ ಅದು ಬರೀ ನೆಲ. ಆ ವರ್ಷ ಸುಗ್ಗಿಯಾದ ಮೇಲೆ ಅಪ್ಪ ಬಿಳಿಜೋಳವನ್ನು ಅದರ ಬಾಯಿವರೆಗೂ ತುಂಬಿಸಿದ್ದ. ಆಯಿ ತಾನೇ ಕೂತು ಸಗಣಿ ಸಾರಿಸಿ, ಅದರ ಮೇಲೆ ಎಮ್ಮೆ ಕಟ್ಟಿಸಿದ್ದಳು. ಮುಂದಿನ ಬೆಳೆ ಬರುವವರೆಗೆ ಇದು ನಮ್ಮ ಜೀವ, ಬಾಯಿ ಬಿಟ್ಟೀ ಜೋಕೆ ಎಂದು ನನ್ನ ಕಿವಿ ಹಿಂಡಿ ಹೇಳಿದ್ದಳು.

ಬಾಯಿ ಬಿಡಬಾರದೆಂದು ಹೇಳಲು ಕಾರಣ ಲೆವಿ. ಎಲ್ಲೋ ದೊಡ್ಡ ಯುದ್ಧ ನಡೆದಿತ್ತು, ಪೇಟೆಗಳಲ್ಲಿ ಕಾಳು ಸಿಗುತ್ತಿರಲಿಲ್ಲ. ಬೆಳೆದವರು ಇಂತಿಷ್ಟು ಧಾನ್ಯವನ್ನು ಸರಕಾರಕ್ಕೆ ಕೊಡಲೇಬೇಕು ಎಂದು ಊರಲ್ಲಿ ಡಂಗುರ ಹೊಡೆದರು. ಡಂಗುರದವನು ಉರ್ದುವಿನ ನಡುವೆ ಆ ಒಂದು ಮಾತನ್ನು ಮಾತ್ರ ಇಂಗ್ಲಿಷಿನಲ್ಲಿ ಕೂಗಿದ. ಸಂಜೆ ಅದು ನಮ್ಮ ಗೋಡೆಗೆ ಬಂತು. ಕಾಕಾ ಎಲ್ ಅಕ್ಷರದ ಹಾಳೆ ತೆಗೆದು ಓದಿದ. ಕರ ವಸೂಲಿ ಮಾಡುವುದು ಒಂದು. ಜನರನ್ನು ಸೈನ್ಯಕ್ಕೆ ಸೇರಿಸುವುದು ಇನ್ನೊಂದು. ಹಾಗೆ ಸೇರಿಸಿದ ಸೈನ್ಯಕ್ಕೂ ಅದೇ ಹೆಸರು. ಯುದ್ಧ ಹೂಡುವುದಕ್ಕೂ ಅದೇ. ಕೋರ್ಟಿನವರು ಬಂದು ಮನೆ ಸಾಮಾನು ಜಪ್ತಿ ಮಾಡುವುದಕ್ಕೂ ಅದೇ. ಆಯಿ ಒಂದೊಂದಕ್ಕೂ ಗೋಣು ಹಾಕುತ್ತ ಬಂದವಳು, ಇದರಲ್ಲಿ ಒಂದಾದರೂ ಒಳ್ಳೇದು ಇಲ್ಲವೇನೋ ಎಂದಳು. ಹುಟ್ಟಿದ್ದು ಎಲ್ಲಿಂದ?

ಎತ್ತುವುದು, ಮೇಲೆತ್ತುವುದು ಎಂಬ ಮಾತಿನಿಂದ, ಎಂದು ಕಾಕಾ ಹೇಳಿದ. ಅದು ಫ್ರೆಂಚರದು, ಅವರಿಗಿಂತ ಮೊದಲು ಇನ್ನೂ ಹಳೆಯವರದು. ಆಮೇಲೆ ಅವನಿಗೆ ಹುರುಪು ಬಂತು. ಹಾಳೆ ಹಿಂದೆ ಮುಂದೆ ತಿರುವಿ ಆ ಮಾತಿನ ನೆಂಟರನ್ನೆಲ್ಲ ಕರೆತಂದ. ಭಾರ ಎತ್ತುವ ಸನ್ನೆಕೋಲಿನ ಹೆಸರು ಅದೇ ಮನೆತನದ್ದು. ಹಿಟ್ಟನ್ನು ಹುದುಗು ಬರಿಸಿ ಉಬ್ಬಿಸುತ್ತಾರಲ್ಲ, ಆ ಹುಳಿಗೂ ಅದೇ ತಾಯಿಬೇರು. ಬೆಳಿಗ್ಗೆ ರಾಜ ಹಾಸಿಗೆ ಬಿಟ್ಟು ಏಳುವಾಗ ಮಂದಿ ಹೋಗಿ ಸಲಾಮು ಮಾಡುವುದಕ್ಕೂ, ಸೂರ್ಯ ಏಳುವ ಕಡೆಯ ದೇಶಗಳಿಗೂ ಅದರಿಂದಲೇ ಹೆಸರು. ನಾನು ಬಾಯಿ ತೆರೆದು ಕೂತಿದ್ದೆ. ನಮ್ಮ ಅಂಬಲಿಯ ಹುಳಿ, ಮೂಡಣದ ಸೂರ್ಯ, ಡಂಗುರದವನ ಮಾತು, ಎಲ್ಲ ಒಂದೇ ತಾಯಿಯ ಮಕ್ಕಳು ಅನ್ನುವುದು ನನಗೆ ಆ ವಯಸ್ಸಿನಲ್ಲಿ ದೆವ್ವದ ಕತೆಗಿಂತ ಹೆಚ್ಚು ಮೈ ಜುಮ್ಮೆನ್ನಿಸಿತು. ಇವತ್ತಿಗೂ ನಾನು ಯಾವ ಮಾತು ಕೇಳಿದರೂ ಅದರ ತವರುಮನೆ ಹುಡುಕಲು ಹೋಗುವ ಹುಚ್ಚಿಗೆ ಆ ಸಂಜೆಯೇ ಕಾರಣ.

"ಇದರಾಗ ಇಂಗ್ರೇಜಿ ಏನದ," ಎಂದಳು ಆಯಿ. "ನಾವೂ ಪಟ್ಟಿ ಎತ್ತತೀವಿ, ದಂಡು ಎತ್ತತೀವಿ. ಕೂಸಿನ ಎತ್ತತೀವಿ, ಆರತಿ ಎತ್ತತೀವಿ, ಹೆಣಾ ಎತ್ತತೀವಿ. ಎತ್ತೋದು ಎಲ್ಲಾರಿಗೂ ಬರ್ತದ. ಇಳಸೋರು ಯಾರು, ಅದನ್ನ ನೋಡು ನಿನ್ನ ಪುಸ್ತಕದಾಗ."

ಬೇಸಿಗೆಯಲ್ಲಿ ದೇವದುರ್ಗದಲ್ಲಿ ಅವ್ವನ ತಂಗಿಯ ಮದುವೆ ಇತ್ತು. ಆಯಿ, ಅವ್ವ, ನಾನು, ನನ್ನ ಪುಟ್ಟ ತಮ್ಮ ಬಂಡಿಯಲ್ಲಿ ಹೋದೆವು, ಜೊತೆಗೆ ಕಾಕಾ. ಅಪ್ಪ ದನಗಳನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ. ಮದುವೆ, ನಿಬ್ಬಣ, ಬೀಗರ ಊಟ ಎಂದು ಹತ್ತು ದಿನ ಕಳೆಯಿತು. ಮರಳಿ ಬಂದ ಮೇಲೆ ಹೆಚ್ಚು ದಿನವಾಗಿರಲಿಲ್ಲ, ಕಾಕಾನಿಗೆ ರಾಯಚೂರಿನಿಂದ ಕರೆ ಬಂತು. ಹೋದವನು ಸಂಜೆಯ ಮೋಟಾರಿಗೆ ಪೇಡೆಯ ಪೊಟ್ಟಣ ಹಿಡಿದುಕೊಂಡೇ ಬಂದ. ಲೆವಿ ವಸೂಲಿಗೆ ಕಂದಾಯದ ಅಧಿಕಾರಿ ಗಿರ್ದಾವರ ಸಾಹೇಬರ ಕೈಕೆಳಗೆ ಕಾರಕೂನನ ನೌಕರಿ ಸಿಕ್ಕಿತ್ತು. ಅದು ಹೇಗೆ ಸಿಕ್ಕಿತೆಂಬ ಕತೆಯನ್ನು ಅವನು ಆ ತಿಂಗಳಲ್ಲಿ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ.

"ಸಾಹೇಬರು ಕೇಳಿದ್ರು, ಲೆವಿ ಅಂದ್ರ ಏನು ಅಂತ. ಉಳಿದೋರೆಲ್ಲಾ ವಸೂಲಿ ಅಂದು ಸುಮ್ಮನಾದ್ರು. ನಾ ಐದು ಅರ್ಥ ಹೇಳಿ, ಬೇರು ಹೇಳಿ, ಸೂರ್ಯಾನ ತನಕಾ ಹೋದೆ. ಸಾಹೇಬರು ಬಸ್ ಬಸ್, ಸಾಕು ಅಂದ್ರು ನೋಡು."

ಕೇಳುವಾಗಲೆಲ್ಲ ಆಯಿ ಗೋಡೆಯ ಕಡೆ ನೋಡಿ ಹೆಮ್ಮೆಯಿಂದ ಗೋಣು ಹಾಕುತ್ತಿದ್ದಳು. ಸಾಹೇಬರ ಮುಂದೆ ಹೇಳಿದ್ದರಲ್ಲಿ ತನ್ನದೂ ಅರ್ಧ ಪಾಲು ಎಂಬ ಭಾವ ಆಕೆಗೆ. ನಾನಂತೂ ಮಾತಿನ ಅರ್ಥ ಗೊತ್ತಿದ್ದರೆ ಈ ಲೋಕದಲ್ಲಿ ಏನು ಬೇಕಾದರೂ ಸಿಗುತ್ತದೆ ಎಂದು ನಂಬಿಬಿಟ್ಟೆ. ಅಪ್ಪ ಒಂದು ಪೇಡೆ ಬಾಯಿಗೆ ಹಾಕಿಕೊಂಡು ದನಕ್ಕೆ ನೀರು ಕುಡಿಸಲು ಹೋದ.

ಆ ಮಳೆಗಾಲ ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ಉಂಡವರಿಲ್ಲ. ಅಟ್ಟದ ಮೇಲಿನ ಚೀಲಗಳಲ್ಲಿ ಸರಕಾರಕ್ಕೆ ಬರೆಸಿದ್ದನ್ನು ಕೊಟ್ಟು ಸ್ವಲ್ಪವೇ ಉಳಿದಿತ್ತು. ಹಗೇವಿಗೆ ಕೈ ಹಾಕಬಾರದು, ತೆಗೆದರೆ ಊರಿಗೆ ಗೊತ್ತಾಗುತ್ತದೆ, ಚೀಲ ಪೂರಾ ಮುಗಿದ ಮೇಲೆ ನೋಡೋಣ ಎಂದು ಆಯಿ ಕಟ್ಟಪ್ಪಣೆ ಮಾಡಿದ್ದಳು. ಮಧ್ಯಾಹ್ನ ಒಂದೊಂದು ರೊಟ್ಟಿ, ರಾತ್ರಿ ತೆಳ್ಳನೆಯ ಅಂಬಲಿ. ನನ್ನ ತಮ್ಮ ಇನ್ನೂ ಎರಡು ವರ್ಷದವನು, ಗಂಗಾಳ ನೆಕ್ಕಿ ಇನ್ನೂ ಬೇಕೆಂದು ಅಳುತ್ತಿದ್ದ. ಆಯಿ ಅವನನ್ನು ಎತ್ತಿಕೊಂಡು ಎಮ್ಮೆಯ ಹತ್ತಿರ ಹೋಗಿ, ಇಲ್ಲಿ ಅದ ನೋಡಪಾ, ನಿನ್ನ ರೊಟ್ಟಿ ಇಲ್ಲೇ ಅದ ಎಂದು ಕಾಲಿನಿಂದ ನೆಲ ತಟ್ಟಿ ತೋರಿಸುತ್ತಿದ್ದಳು. ನಾಗರ ಪಂಚಮಿಗೆ ಉಂಡಿ ಕಟ್ಟಲಿಲ್ಲ. ಹಸಿವಾದಾಗ ನನಗೂ ಕಾಲ ಕೆಳಗೆ ಜೋಳ ಇದೆ ಎಂಬ ನೆನಪೇ ಸಮಾಧಾನ ಕೊಡುತ್ತಿತ್ತು. ಅಂಬಲಿ ಸುರಿಯುವಾಗ ಅಪ್ಪ ತನ್ನ ಪಾಲಿನಲ್ಲಿ ಅರ್ಧ ನನ್ನ ತಮ್ಮನಿಗೆ ಬಗ್ಗಿಸುತ್ತಿದ್ದ. ಅದನ್ನು ನಾನು ಪ್ರೀತಿ ಎಂದಷ್ಟೇ ತಿಳಿದಿದ್ದೆ.

ಕಾಕಾ ಹಳ್ಳಿ ಹಳ್ಳಿ ತಿರುಗುತ್ತಿದ್ದ. ಅರಕೇರಾ ಕಡೆಯಿಂದ ಬಂದ ದಿನ ಅವನು ಅಂಬಲಿ ಮುಟ್ಟಲಿಲ್ಲ. ಅಲ್ಲಿ ಕೂಲಿಯವರ ಕೇರಿಯಲ್ಲಿ ಹುಣಸೆಬೀಜ ಬೇಯಿಸಿ ತಿನ್ನುವುದನ್ನು ನೋಡಿ ಬಂದಿದ್ದ. ಬಚ್ಚಿಟ್ಟವರ ಕಾಳು ಹೊರಗೆ ಬಂದರೆ ಇವರ ಬಾಯಿಗೆ ಒಂದು ತುತ್ತು ಬೀಳುತ್ತದೆ ಎಂದ. ಆಯಿ ಅವನ ಪಾಲಿನ ಅಂಬಲಿಯನ್ನು ಮತ್ತೆ ಗಡಿಗೆಗೆ ಸುರಿದಳು. ಕಾಕಾನ ಇನ್ನೊಂದು ಸಂಕಟ ಜಪ್ತಿಯದು. ಸಿಪಾಯಿಗಳು ಬೂಟು ಹಾಕಿಕೊಂಡು ಅಡಿಗೆಮನೆ, ದೇವರ ಕೋಣೆ ಹೊಕ್ಕು ಗಡಿಗೆ ಬೋರಲು ಹಾಕುತ್ತಿದ್ದರು, ಬಾಣಂತಿಯರನ್ನೂ ಎಬ್ಬಿಸುತ್ತಿದ್ದರು. ಅವನು ಸಾಹೇಬರಿಗೆ ಒಂದು ದಾರಿ ಹೇಳಿಕೊಟ್ಟ. ಮನೆ ಹುಡುಕುವುದು ಬೇಡ, ಮನೆಯ ಹಿರಿಯರ ಕೈಯಲ್ಲಿ ಆಣೆ ಮಾಡಿಸಿ. ಲಿಂಗ ಕಟ್ಟಿದವರು ಲಿಂಗ ಹಿಡಿದು ಹೇಳಲಿ, ಮುಸಲ್ಮಾನರು ಕುರಾನಿನ ಮೇಲೆ ಹೇಳಲಿ, ಉಳಿದವರು ತಮ್ಮ ತಮ್ಮ ದೇವರ ಭಂಡಾರ ಮುಟ್ಟಿ ಹೇಳಲಿ. ನಮ್ಮ ಜನ ಕಾಳು ಬಚ್ಚಿಡಬಹುದು, ದೇವರ ಮೇಲೆ ಸುಳ್ಳಾಣೆ ಮಾಡುವುದಿಲ್ಲ. ಸಾಹೇಬರು ಅನುಮಾನಿಸುತ್ತಲೇ ಒಪ್ಪಿದರಂತೆ, ಆದರೆ ಒಂದು ಆಣೆ ಸುಳ್ಳಾದರೂ ಮತ್ತೆ ಸಿಪಾಯಿಗಳೇ ಎಂದು ಹೇಳಿಟ್ಟರಂತೆ. ಕುರ್ಡಿ ಹಳ್ಳಿಯಲ್ಲಿ ಇದು ಗೆದ್ದಿತು. ಆಣೆಗೆ ಅಂಜಿದ ಮುದುಕರು ತಾವೇ ಹಗೇವು ತೋರಿಸಿಕೊಟ್ಟರು. ಯಾರ ಮನೆಯೊಳಗೂ ಬೂಟು ಹೋಗಲಿಲ್ಲ. ಕಾಕಾ ಅವತ್ತು ಹಬ್ಬ ಮಾಡಿದವನ ಹಾಗೆ ಮನೆಗೆ ಬಂದಿದ್ದ.

ಶ್ರಾವಣ ಮುಗಿಯುವ ಹೊತ್ತಿಗೆ ನಮ್ಮ ಓಣಿಯ ಪಾಳಿ ಬಂತು. ಗಿರ್ದಾವರ ಸಾಹೇಬರು ವಯಸ್ಸಾದವರು, ಬಿಳಿ ಗಡ್ಡ, ಮೆಲುದನಿ. ಹೊರಗಿನ ಕಟ್ಟೆಯ ಮೇಲೆ ಹಾಸಿದ ಜಮಖಾನದ ಮೇಲೆ ಕೂತು ಅವ್ವ ಕಳಿಸಿದ ಮಜ್ಜಿಗೆ ಕುಡಿದರು. ಪಕ್ಕದಲ್ಲಿ ಕಾಕಾ ರಿಜಿಸ್ಟರು ಹಿಡಿದು ನಿಂತಿದ್ದ. ಸ್ವಂತ ಮನೆ ಎಂಬ ಸಲಿಗೆ ಮುಖದಲ್ಲಿ ಇರಲಿಲ್ಲ. ಹಿಂದಿನ ಸಂಜೆ ಅವನು ಆಯಿಗೆ, ಯವ್ವಾ, ನಾಳೆ ನಮ್ಮನಿಗಿ ಬರ್ತೀವಿ, ಏನದನೋ ಅದನ್ನ ಹೇಳಿಬಿಡು ಎಂದಿದ್ದ. ಆಯಿ ಹೂಂ ಎಂದಿದ್ದಳು. ಅವನು ಅದನ್ನು ಒಪ್ಪಿಗೆ ಎಂದು ತಿಳಿದ, ನಾನೂ ಹಾಗೇ ತಿಳಿದೆ. ಹಗೇವು ಹೋಯಿತಲ್ಲ ಎಂದು ರಾತ್ರಿ ಕೌದಿಯೊಳಗೆ ಅತ್ತಿದ್ದೆ. ಆಯಿ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಧರಿಸಿ ಹೊರಗೆ ಬಂದಳು. ಕೊರಳ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿ ಇಟ್ಟುಕೊಂಡಳು. ದನಿ ಒಂದಿಷ್ಟೂ ನಡುಗಲಿಲ್ಲ.

"ಈ ಲಿಂಗದ ಆಣಿ ಮಾಡಿ ಹೇಳ್ತೀನಿ. ಅಟ್ಟದ ಮ್ಯಾಲಿನ ಚೀಲ ಬಿಟ್ರ ಈ ಮನ್ಯಾಗ ಒಂದು ಕಾಳು ಜ್ವಾಳ ಇಲ್ಲ."

ಪೂಜೆಯಾಗದೆ ಬಾಯಿಗೆ ನೀರು ಹಾಕದ ಆಯಿ. ತಮಾಷೆಗೆ ಸುಳ್ಳು ಹೇಳಿದರೂ ಬಾಯಿಗೆ ಬರೆ ಹಾಕುತ್ತೇನೆ ಎಂದು ನನ್ನನ್ನು ಬೆಳೆಸಿದ ಆಯಿ. ಆಕೆ ಅಂಗೈಯಲ್ಲಿ ದೇವರನ್ನು ಇಟ್ಟುಕೊಂಡು ಹಾಡುಹಗಲಲ್ಲಿ ಸುಳ್ಳು ಹೇಳಿದ್ದಳು. ಆಕಾಶ ಬಿರಿಯುತ್ತದೆ ಎಂದು ನಾನು ನಿಜವಾಗಿ ಮೇಲೆ ನೋಡಿದೆ. ಸಾಹೇಬರು ಗೋಣು ಹಾಕಿ ಎದ್ದು ಚಪ್ಪಲಿ ಮೆಟ್ಟಿದರು. ಕಾಕಾ ನಿಂತಲ್ಲಿಂದ ಕದಲಲಿಲ್ಲ, ಬರೆಯಲೂ ಇಲ್ಲ. ಆಮೇಲೆ ನೆಲ ನೋಡುತ್ತ ಉರ್ದುವಿನಲ್ಲಿ ಹೇಳಿದ.

"ಸಾಹೇಬ್, ಏಕ್ ಜಗಾ ಬಾಕಿ ಹೈ."

ಒಂದು ಜಾಗ ಉಳಿದಿದೆ. ಅಷ್ಟು ಉರ್ದು ನನಗೂ ಗೊತ್ತಿತ್ತು. ಕಾಕಾ ಒಳಗೆ ನಡೆದು, ತಾನೇ ಎಮ್ಮೆ ಬಿಚ್ಚಿ, ಗೂಟದ ಬುಡ ತೋರಿಸಿದ. ಆ ಗಳಿಗೆಯಲ್ಲಿ ನನಗೆ ಅವನನ್ನು ಕೊಲ್ಲಬೇಕು ಅನ್ನಿಸಿತು. ಆಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಲಿಂಗ ಇನ್ನೂ ಅಂಗೈಯಲ್ಲೇ ಇತ್ತು. ನಮ್ಮ ಹೊಲದ ಆಳು ಸಾಬಣ್ಣನನ್ನು ಕರೆಸಿದರು. ವರ್ಷಾ ವರ್ಷಾ ಹಗೇವಿಗೆ ಇಳಿಯುವವನು ಅವನೇ. ಅವನು ಅಪ್ಪನ ಮುಖ ನೋಡಿದ. ಅಪ್ಪ ಕಂಬಕ್ಕೆ ಆತು ನಿಂತು ಎತ್ತಲೋ ನೋಡುತ್ತಿದ್ದ. ಸಾಬಣ್ಣ ನಿಧಾನಕ್ಕೆ ಸಗಣಿಯ ಪದರ ಕೆದರಿ ಚಪ್ಪಡಿ ಸರಿಸಿದ. ಹಗೇವು ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಮನುಷ್ಯನನ್ನು ಕ್ಷಣದಲ್ಲಿ ಕೊಲ್ಲುತ್ತದೆ. ಮೊದಲು ಸ್ವಲ್ಪ ಹೊತ್ತು ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಇಳಿಯುವುದಿಲ್ಲ. ತುಂಬಿದ ಹಗೇವಿನಲ್ಲಿ ಲಾಂದ್ರ ಒಂದು ಮೊಳ ಇಳಿಯುವಷ್ಟರಲ್ಲಿ ಜೋಳದ ಮೇಲೆ ಕೂಡುತ್ತದೆ, ಹಗ್ಗ ಸಡಿಲಾಗುತ್ತದೆ.

ಸಾಬಣ್ಣ ಲಾಂದ್ರ ಬಿಟ್ಟ. ಒಂದು ಮೊಳ ಹೋಯಿತು. ಎರಡು ಮೊಳ ಹೋಯಿತು. ಹಗ್ಗ ಬಿಗಿಯಾಗಿಯೇ ಇತ್ತು. ಅವನು ಬಿಡುತ್ತಲೇ ಇದ್ದ, ಲಾಂದ್ರ ಇಳಿಯುತ್ತಲೇ ಇತ್ತು. ದೀಪ ಅಲುಗಾಡದೆ ಉರಿಯುತ್ತಿತ್ತು. ನಾನು ಅವ್ವನ ಕಾಲ ಸಂದಿಯಿಂದ ಬಗ್ಗಿ ನೋಡಿದೆ. ಸುತ್ತಲಿನ ಗೋಡೆಯ ಹಳೆಯ ಗುದ್ದಲಿ ಗುರುತುಗಳು ಒಂದೊಂದಾಗಿ ಬೆಳಗುತ್ತ ಹೋದವು, ಕೊನೆಗೆ ಕೆಳಗೆ ಟಣ್ ಎಂದು ಲಾಂದ್ರ ನೆಲ ಮುಟ್ಟಿತು. ತಳದಲ್ಲಿ ಒಂದು ಹಿಡಿ ಹೊಟ್ಟು ಬಿದ್ದಿತ್ತು. ಜೋಳ ಇರಲಿಲ್ಲ. ಮೂರು ತಿಂಗಳು ನಾವು ಬರೀ ತೂತಿನ ಮೇಲೆ ಎಮ್ಮೆ ಕಟ್ಟಿ ಕಾವಲು ಕಾದಿದ್ದೆವು.

ಸಾಹೇಬರೂ ಬಗ್ಗಿ ನೋಡಿದರು. ನೆಟ್ಟಗೆ ನಿಂತು ಕಾಕಾನನ್ನು ಒಂದು ಸಲ ದಿಟ್ಟಿಸಿದರು. ಆಮೇಲೆ ಆಯಿಯ ಮುಂದೆ ಹೋಗಿ ಎರಡೂ ಕೈ ಜೋಡಿಸಿದರು.

"ಮಾಫ್ ಮಾಡ್ರಿ ಅಮ್ಮಾ. ನಿಮ್ಮ ಮಾತು ಖರೆ ಅದ. ನಿಮ್ಮ ಮಗ ಸಣ್ಣಾವ, ತಿಳೀದ ಅಂದ. ನಿಮ್ಮಂಥವರು ಒಬ್ಬರು ಇದ್ರ ಸಾಕು, ಈ ಊರಾಗ ನಾ ಯಾರ ಮನೀನೂ ಹುಡಕಂಗಿಲ್ಲ."

ಆಯಿಯ ಮುಖ ನೋಡಿದರೆ ಸಾಹೇಬರು ಕೈ ಮುಗಿದಿದ್ದಾರೋ ಕಪಾಳಕ್ಕೆ ಹೊಡೆದಿದ್ದಾರೋ ಎಂದು ಕೇಳುವ ಹಾಗಿತ್ತು. ಅವರೆಲ್ಲ ಮುಂದಿನ ಮನೆಗೆ ಹೋದರು. ಕಾಕಾ ರಿಜಿಸ್ಟರು ಅವುಚಿಕೊಂಡು ಹಿಂದೆ ಹೋದ.

ಸಂಜೆ ಅವನು ಮರಳಿದಾಗ ಪಡಸಾಲೆಯಲ್ಲಿ ಎಲ್ಲರೂ ಇದ್ದೆವು. ಒಲೆ ಹಚ್ಚಿರಲಿಲ್ಲ. ಆಯಿ ಅಪ್ಪನನ್ನು ಕೇಳಿದಳು.

"ಜ್ವಾಳ ಎಲ್ಲಿ ಹೋತು?"

ಅಪ್ಪ ಕಾಕಾನ ಕಡೆ ನೋಡದೆ ಹೇಳಿದ.

"ಇವನ ನೌಕರಿಗಿ ಹೋತು. ರಾಯಚೂರಾಗ ಒಬ್ಬಾವ ದಲ್ಲಾಳಿ ಕೊಡಸ್ತೀನಿ ಅಂದಿದ್ದ. ಕೈಯಾಗ ರೊಕ್ಕ ಇದ್ದಿಲ್ಲ, ಜ್ವಾಳ ಇತ್ತು. ನೀವು ದೇವದುರ್ಗಕ್ಕ ಹೋದಾಗ ಸಾಬಣ್ಣನ ಕರಕೊಂಡು ತಗಸಿದೆ. ಹೊಸಾ ಜ್ವಾಳ ಬಂತಂದ್ರ ಮತ್ತ ತುಂಬಿಟ್ರಾತು, ಯಾರಿಗೂ ಗೊತ್ತಾಗಂಗಿಲ್ಲ ಅನಕೊಂಡೆ."

"ಸಾಹೇಬರು ನನ್ನ ಅರ್ಥ ಕೇಳಿದ್ರು," ಎಂದ ಕಾಕಾ. ಅವನ ದನಿ ಸಣ್ಣ ಹುಡುಗನದಾಗಿತ್ತು. "ಐದು ಅರ್ಥ ಹೇಳಿದೆ ನಾ."

"ಕೇಳಿರಬೇಕು ಬಿಡಪಾ. ಅದಕ್ಕಿಂತ ಒಂದು ವಾರ ಮೊದಲ ದಲ್ಲಾಳಿಗಿ ಮುಟ್ಟಿತ್ತು."

ಹಗೇವು ಬರಿದಾಗಿದ್ದಕ್ಕಿಂತ ಇದು ನನಗೆ ದೊಡ್ಡ ಪೆಟ್ಟು. ಕಾಕಾನನ್ನು ದಡ ಮುಟ್ಟಿಸಿದ್ದು ಗೋಡೆಯ ಮೇಲಿನ ಇದ್ದಿಲಿನ ಅಕ್ಷರವಲ್ಲ, ಸೂರ್ಯನವರೆಗೆ ಹೋದ ಬೇರಲ್ಲ. ಬಿಳಿಜೋಳ. ಅದೇ ಜೋಳ ಕೊಟ್ಟು ಕೊಂಡ ನೌಕರಿಯ ಮೇಲೆ ನಿಂತು ಅವನು ಅದೇ ಜೋಳವನ್ನು ತೋರಿಸಿಕೊಟ್ಟಿದ್ದ. ಅವನು ರಿಜಿಸ್ಟರನ್ನು ನೆಲದ ಮೇಲಿಟ್ಟು, ನಾಳೆಯಿಂದ ಹೋಗುವುದಿಲ್ಲ ಎಂದ. ಅವ್ವ, ಇಷ್ಟು ದಿನ ಸಿಡುಕುತ್ತಿದ್ದವಳು, ಮೆಲ್ಲಗೆ ಹೇಳಿದಳು.

"ಹೋಗಪಾ. ಕೂಸಿನ ಹೊಟ್ಟಿ ಕಟ್ಟಿ ತಗೊಂಡದ್ದು ಅದು. ಬಿಟ್ರ ಎರಡೂ ಹೋತು."

ಆಯಿ ಅಪ್ಪನನ್ನು ಬೈಯಲಿಲ್ಲ, ಕಾಕಾನನ್ನೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಲಿಲ್ಲ, ಪೂಜೆಗೆ ಕೂಡಲಿಲ್ಲ. ಲಿಂಗ ಕೊರಳಲ್ಲೇ ಇತ್ತು, ಆದರೆ ಅಂಗೈಗೆ ತೆಗೆದುಕೊಳ್ಳಲಿಲ್ಲ. ಪೂಜೆಯಿಲ್ಲದೆ ಆಕೆ ಉಣ್ಣುವಂತಿಲ್ಲ, ಹೀಗಾಗಿ ಉಣ್ಣಲೂ ಇಲ್ಲ. ಎರಡನೆಯ ದಿನವೂ ಅಷ್ಟೇ. ಕಂಬಳಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಓಣಿಯ ಹೆಂಗಸರು ಬಂದು ಬಂದು ಆಕೆಯ ಕಾಲು ಮುಟ್ಟಿ ಹೋಗುತ್ತಿದ್ದರು. ಸಾಹೇಬರು ಮನೆ ಮನೆಯಲ್ಲೂ ಆಕೆಯ ಹೆಸರು ಹೇಳಿದ್ದರಂತೆ. ಖರೆ ಮಾತಿನ ತಾಯಿ ಎಂದು ಊರು ಕೊಂಡಾಡಿದಷ್ಟೂ ಆಯಿ ಮುದುಡುತ್ತಿದ್ದಳು. ಮೂರನೆಯ ದಿನ ಅಪ್ಪ ಹೆದರಿ ಮಠದ ಅಯ್ಯನವರನ್ನು ಕರೆತಂದ. ಅವರು ಪಕ್ಕದಲ್ಲಿ ಕೂತು, ತಂಗೀ, ನೀ ಹೇಳಿದ್ದು ಹಂಗ ಇತ್ತಲ್ಲ, ದೇವರು ನಿನ್ನ ಆಣೆ ಕಾದಾನ, ದೋಷ ಎಲ್ಲಿ ಬಂತು ಎಂದರು.

"ಮಾತು ಖರೆ ಆತ್ರೀ ಅಯ್ಯನವರ. ನಾ ಖರೆ ಆಗಲಿಲ್ಲ," ಎಂದಳು ಆಯಿ. ತುಟಿ ಒಣಗಿ ದನಿ ಕೀರಲಾಗಿತ್ತು. "ಊರ ಮಂದೆಲ್ಲಾ ಬಂದು ಕಾಲಿಗಿ ಬೀಳಾಕತ್ಯಾರ. ನೀ ಸುಳ್ಳಿ ಅಂತ ಒಬ್ಬರಾದ್ರೂ ನನ್ನ ಮಾರಿ ಮ್ಯಾಲ ಅಂದಿದ್ರ ಉಣತಿದ್ದೆ."

ಅಯ್ಯನವರು ವಿಭೂತಿ ಕೊಟ್ಟು ಹೋದರು. ಕಾಕಾ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಮೂರು ದಿನದಿಂದ ಅವನು ಆಕೆಯ ಎದುರಿಗೆ ಬಂದಿರಲಿಲ್ಲ. ಈಗ ಬಂದು ಕಂಬಳಿಯ ಅಂಚಿನಲ್ಲಿ ಕೂತ. ಆಯಿ ಗೋಡೆಯಿಂದ ಮುಖ ತಿರುಗಿಸಿ ಅವನನ್ನು ನೋಡಿದಳು.

"ಶರಣಾ, ಹಗೇವು ತುಂಬಿತ್ತು ಅಂತ ತಿಳಿ. ಏನ್ ಮಾಡ್ತಿದ್ದಿ?"

"ಎಲ್ಲಾ ಎತ್ತಿಸ್ತಿದ್ದೆ, ಯವ್ವಾ."

"ಕೂಸಿಗೂ ಬಿಡತಿದ್ದಿಲ್ಲ?"

"ಕಾಯ್ದೆ ಎಷ್ಟು ಬಿಡು ಅಂತದ ಅಷ್ಟು ಬಿಡತಿದ್ದೆ."

"ನನ್ನ ಆಣಿ?"

ಅಪ್ಪ ಬೇಡ ಎಂಬಂತೆ ಕೈ ಎತ್ತಿದ. ಹಸಿದ ಮುದುಕಿಗೆ ಒಂದು ಒಳ್ಳೆಯ ಮಾತು ಹೇಳಿಬಿಡು ಕಾಕಾ, ಸುಳ್ಳಾದರೂ ಹೇಳು ಎಂದು ನಾನು ಒಳಗೇ ಬೇಡಿಕೊಂಡೆ.

"ಲಿಂಗಾ ಹಿಡದು ಸುಳ್ಳು ಹೇಳ್ಯಾಳ ಅಂತ ರಿಜಿಸ್ಟರದಾಗ ಬರೀತಿದ್ದೆ, ಯವ್ವಾ. ನಿನ್ನ ಹೆಸರು ಹಾಕಿ ಬರೀತಿದ್ದೆ. ನೀ ಹೇಳಿದ್ದು ಸುಳ್ಳು."

ನಾನು ಕಣ್ಣು ಮುಚ್ಚಿಕೊಂಡೆ. ಆಯಿ ಎದ್ದು ಅವನ ಕೆನ್ನೆಗೆ ಹೊಡೆಯುತ್ತಾಳೆ, ಇಲ್ಲವೆ ಅಲ್ಲೇ ಪ್ರಾಣ ಬಿಡುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕಣ್ಣು ತೆರೆದಾಗ ಆಕೆ ಗೋಡೆ ಹಿಡಿದುಕೊಂಡು ಎದ್ದು ಕೂತಿದ್ದಳು. ಕಾಕಾ ಹುಡುಗನ ಹಾಗೆ ಅಳುತ್ತಿದ್ದ. ಆಯಿ ಅವನ ತಲೆಯ ಮೇಲೆ ಒಂದು ಕೈಯಿಟ್ಟು, ಅವ್ವನ ಕಡೆ ತಿರುಗಿ, ಜಳಕಕ್ಕೆ ನೀರು ಕಾಸವಾ ಎಂದಳು.